ಮೂರನೇ ಸೀಟಿ

ನಮ್ಮಕ್ಕ, ಅಂದರೆ ನನ್ನ ದೊಡ್ಡಮ್ಮನ ಮಗಳು, ಕುಕ್ಕರನ್ನು ಮೂರನೇ ಸಲ ಕೂಗಲು ಬಿಡುವುದಿಲ್ಲ. ಎರಡನೇ ಕೂಗು ಮುಗಿಯುವಷ್ಟರಲ್ಲಿ ಓಡಿ ಬಂದು ಒಲೆ ಆರಿಸುತ್ತಾಳೆ. ಆಲೂಗಡ್ಡೆ ಕಲ್ಲಿನ ಹಾಗಿದ್ದರೂ ಸರಿ. "ನಿಮ್ಮಕ್ಕನ ಅಡುಗೆ ಹಲ್ಲಿಗೆ ಒಳ್ಳೇ ವ್ಯಾಯಾಮ" ಅಂತ ಭಾವ ನಗುತ್ತಾರೆ. ನಾನೂ ನಗುತ್ತಿದ್ದೆ... ಮೊನ್ನೆ ರಾತ್ರಿ ಅವಳು ಇದನ್ನು ಹೇಳುವವರೆಗೆ.

ಹೋದ ವರ್ಷದ ಮಾತು. ನಾಲ್ಕು ದಿನದ ಕಯಾಕ್ ಪ್ರವಾಸ, ಕಯಾಕ್ ಅಂದರೆ ಒಬ್ಬರೇ ಕೂತು ನಡೆಸುವ ಕಿರಿದಾದ ದೋಣಿ. ಹಗಲು ಕಡಲಲ್ಲಿ ಹುಟ್ಟು ಹಾಕುವುದು, ರಾತ್ರಿ ಮರಳ ದಂಡೆಯಲ್ಲಿ ಡೇರೆ ಹೊಡೆದು ಮಲಗುವುದು. ಐದು ಜನ, ಒಬ್ಬೊಬ್ಬರಿಗೆ ಒಂದೊಂದು ಕಯಾಕ್. ಎಲ್ಲರಿಗಿಂತ ಮುಂದೆ ಕೆಂಪು ಕಯಾಕಿನಲ್ಲಿ ಗೈಡ್. ಎಲ್ಲರಿಗಿಂತ ಹಿಂದೆ ಹಳದಿಯದರಲ್ಲಿ ಅಕ್ಕ. ಅವಳ ತೋಳು ಗಟ್ಟಿ ಅಂತ ಅವನೇ ಹಿಂದೆ ಹಾಕಿದ್ದ.

ಎಲ್ಲರ ಲೈಫ್ ಜಾಕೆಟಿಗೂ ಒಂದೊಂದು ಸೀಟಿ. ಗೈಡಿನದು ಮಾತ್ರ ಕಪ್ಪು, ಕೊರಳ ದಾರದಲ್ಲಿ. "ಒಂದು ಊದಿದ್ರೆ ನಿಲ್ಲಿ. ಎರಡು ಊದಿದ್ರೆ ಹತ್ತಿರ ಬನ್ನಿ. ಮೂರು ಊದಿದ್ರೆ ಪ್ರಾಣಕ್ಕೆ ಬಂದಿದೆ ಅಂತ. ಯಾರೇ ಆಗ್ಲಿ, ತಿರುಗಲೇಬೇಕು" ಅಂದಿದ್ದ.

ಮೊದಲ ರಾತ್ರಿ ಅಕ್ಕನಿಗೆ ಎಚ್ಚರವಾಯಿತು. ಅಲೆ ಸರ್ರನೆ ಮರಳಿನ ಮೇಲೆ ಹತ್ತಿ, ಚರಚರ ಅಂತ ಹಿಂದೆ ಸರಿಯುತ್ತಿತ್ತು. ಅದರ ನಡುವೆ... ಫುರ್ರ್. ಫುರ್ರ್. ಫುರ್... ಮೂರನೆಯದು ನೀರು ತುಂಬಿಕೊಂಡ ಹಾಗೆ ಗಳಗಳ ಅಂದು ನಿಂತಿತು.

ಎಲ್ಲರೂ ಡೇರೆಯಿಂದ ಹೊರಬಂದರು. "ನನ್ನ ಹೆಂಡ್ತಿ ಗೊರಕೆ ಇರ್ಬೇಕು, ಹೆದರಬೇಡಿ" ಅಂದರು ಗುಂಪಿನಲ್ಲಿ ಹೆಂಡತಿ ಜೊತೆ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು. ಹೆಂಡತಿ ಅವರ ಬೆನ್ನಿಗೊಂದು ಕೊಟ್ಟರು. ಗೈಡ್ ಮಾತ್ರ ನಗಲಿಲ್ಲ.

"ನನಗೇನೂ ಕೇಳಿಸಲಿಲ್ಲ" ಅಂದ.

ಅವನನ್ನು ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ನೋಡಿದರೆ, ದಂಡೆಯ ಮೇಲೆ ಸಾಲಾಗಿ ಎಳೆದಿಟ್ಟಿದ್ದ ಕಯಾಕುಗಳಲ್ಲಿ ಕೊನೆಯ ಹಳದಿ ಮೊದಲಿಗೆ ಬಂದಿತ್ತು. ಮೊದಲಿದ್ದ ಕೆಂಪು, ಕೊನೆಗೆ. "ಯಾರ್ರೀ ಈ ಚೇಷ್ಟೆ ಮಾಡಿದ್ದು?" ಗೈಡ್ ಕಿರುಚಿದ. ಯಾರೂ ಒಪ್ಪಲಿಲ್ಲ.

ಆ ಸಂಜೆ ಎರಡನೇ ದಂಡೆಗೆ ಕುಡಿಯುವ ನೀರಿನ ಕ್ಯಾನ್ ತಂದ ಹೆಂಗಸು ಹಳದಿ ಕಯಾಕ್ ಕಂಡು ಅಲ್ಲೇ ನಿಂತಳು. ಗೈಡ್ ದೂರ ಹೋಗುವವರೆಗೆ ಕಾದು ಅಕ್ಕನ ಹತ್ತಿರ ಪಿಸುಗುಟ್ಟಿದಳು.

"ಇದ್ರಲ್ಲಿ ನೀನು ಕೂರ್ತೀಯೇನಮ್ಮ?"

"ಹೌದು. ಯಾಕೆ?"

"ನನ್ನ ತಂಗಿ ಮಗಳು ಕೂರ್ತಿದ್ಲು. ಅವನ ಜೊತೆ ಕೆಲಸಕ್ಕಿದ್ಲು. ಇದು ಮಗುಚ್ತು. ಮೂರು ಸಲ ಊದಿದ್ಲು... ಈ ದಂಡೆಗೆ ಕೇಳಿಸ್ತು ನಮಗೆ. ಅವನು ತಿರುಗ್ಲಿಲ್ಲ. ಕತ್ತಲಾಗೋದ್ರೊಳಗೆ ಗಿರಾಕಿಗಳನ್ನ ಮುಟ್ಟಿಸ್ಬೇಕಿತ್ತಂತೆ."

"ಪೊಲೀಸರಿಗೆ ಏನಂದ?"

"ಗಾಳಿ ಇತ್ತು, ನನಗೇನೂ ಕೇಳಿಸಲಿಲ್ಲ ಅಂದ." ಖಾಲಿ ಕ್ಯಾನ್ ಎತ್ತಿಕೊಂಡಳು. "ಬಿಡೋಳಲ್ಲ ಅವಳು. ಚಿಕ್ಕಂದಿನಿಂದ ಹಠಮಾರಿ. ನೀನು ಅಡ್ಡ ಹೋಗ್ಬೇಡ."

ಮೂರನೇ ದಿನ ಮಧ್ಯಾಹ್ನ. ದೊಡ್ಡ ಬಂಡೆಯೊಂದನ್ನು ಸುತ್ತಿ ಹೋಗುವಾಗ ಗಾಳಿ ಎದ್ದಿತು. ಅಕ್ಕ ಮುಂದೆ ನೋಡಿ ಎಣಿಸಿದಳು. ಕೆಂಪು ಇಲ್ಲ. ತಿರುಗಿದಳು.

ಅದು ಅವಳ ಹಿಂದಿತ್ತು. ಮಗುಚಿಕೊಂಡು. ಗೈಡ್ ಒಂದು ಕೈಯಲ್ಲಿ ಅದನ್ನು ತಬ್ಬಿ, ಇನ್ನೊಂದರಲ್ಲಿ ಸೀಟಿ ಬಾಯಿಗಿಟ್ಟಿದ್ದ. ಕೆನ್ನೆ ಉಬ್ಬಿತು. ಇಳಿಯಿತು. ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು... ಸದ್ದೇ ಇಲ್ಲ. ಗಾಳಿಯ ಸುಂಯ್ ಕೇಳುತ್ತಿತ್ತು. ಕಯಾಕಿನ ಹೊಟ್ಟೆಗೆ ನೀರು ಟಪ್ ಟಪ್ ಬಡಿಯುವುದೂ ಕೇಳುತ್ತಿತ್ತು. ಅದೊಂದು ಮಾತ್ರ ಇಲ್ಲ.

ತಿರುಗಿಸೋಣ ಅಂತ ಹುಟ್ಟನ್ನು ನೀರಿಗಿಟ್ಟಳು. ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ ಅದು ನಿಂತಿತು. ಕಿವಿಯ ಹಿಂದೆ ಒದ್ದೆ ಉಸಿರು...

"ನನಗೇನೂ ಕೇಳಿಸಲಿಲ್ಲ."

ಹೆಣ್ಣುದನಿ. ಹಳದಿ ಕಯಾಕ್ ತಾನಾಗಿ ದಂಡೆಯ ಕಡೆ ಓಡಿತು.

ಅಕ್ಕ ತನ್ನ ಸೀಟಿ ಊದಿ ಉಳಿದವರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.

ಮರುದಿನ ಅವನ ದೇಹ ಸಿಕ್ಕಿತು. ಕೊರಳಲ್ಲಿ ದಾರವಿತ್ತು, ಸೀಟಿ ಇರಲಿಲ್ಲ. ಪೊಲೀಸರು ಕೇಳಿದಾಗ ಅಕ್ಕನ ಬಾಯಿಂದ ಬಂದದ್ದು ಇಷ್ಟೇ: "ಗಾಳಿ ಇತ್ತು. ನನಗೇನೂ ಕೇಳಿಸಲಿಲ್ಲ."

ಇದು ನಡೆದದ್ದೇ. ನಮ್ಮಕ್ಕನಿಗೆ ಕತೆ ಕಟ್ಟಲು ಬರುವುದಿಲ್ಲ, ಆಫೀಸಿನ ರಜಾ ಅರ್ಜಿಗೂ ಕಾರಣ ನನ್ನನ್ನೇ ಕೇಳುತ್ತಾಳೆ. ಎಲ್ಲ ಹೇಳಿ ಮುಗಿಸಿ ಬೀರುವಿನಿಂದ ಒಂದು ಪುಟ್ಟ ಡಬ್ಬಿ ತಂದಳು. ಒಳಗೆ ಕಪ್ಪು ಸೀಟಿ. ಪ್ರವಾಸದಿಂದ ಬಂದು ಬ್ಯಾಗ್ ಬಿಚ್ಚಿದಾಗ ಬಟ್ಟೆಗಳ ಮಧ್ಯೆ ಇತ್ತಂತೆ. ವರ್ಷವಾಗಿದೆ, ಇನ್ನೂ ಆರಿಲ್ಲ. ಡಬ್ಬಿಯ ತಳದಲ್ಲಿ ನೀರು ನಿಂತಿತ್ತು. ಬೆರಳಿಟ್ಟು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

"ಇದು ಕೆಟ್ಟಿತ್ತು ಅಂತ ಗೊತ್ತಾದ್ರೆ ಸಾಕು ಕಣೇ" ಅಂದಳು. "ಕೇಳಿಸಿದ್ರೂ ಬಿಟ್ಟು ಬಂದೆನೋ ಏನೋ ಅಂತ... ನಿದ್ದೆ ಬರಲ್ಲ. ನನಗೆ ಊದೋ ಧೈರ್ಯ ಇಲ್ಲ."

ಈಗ ಡಬ್ಬಿ ನನ್ನ ಮೇಜಿನ ಮೇಲಿದೆ. ದಿನಾ ರಾತ್ರಿ ಅವಳ ಫೋನ್ ಬರುತ್ತದೆ. ಮಾತೂ ಒಂದೇ.

"ಒಂದೇ ಒಂದ್ಸಲ ಊದಿ ಹೇಳೇ..."