ಗ್ಲಿಸರಿನ್ ಬೇಡದ ಹುಡುಗಿ

…ಅಲ್ಲಾಡಬೇಡ ಅಂದ್ನಲ್ಲ, ಜಡೆ ಸೊಟ್ಟಗಾಗುತ್ತೆ. ಆಮೇಲೆ ಆ ಡೈರೆಕ್ಟರು ನನ್ನ ತಲೆ ತಿಂತಾನೆ. ಆಂಟಿ ಅಂತೆ, ಆಂಟಿ. ನಿನ್ನ ವಯಸ್ಸಲ್ಲಿ ನಾನು ರಸ್ತೇಲಿ ಹೋದ್ರೆ ಬಸ್ಸು ನಿಲ್ಲಿಸಿ ನೋಡೋರು, ಗೊತ್ತಾ? ಯಾಕೆ ನಗ್ತೀಯ? ನಿಜ ಕಣೆ. ಒಬ್ಬ ಡ್ರೈವರ್ ಇಳಿದು ಬಂದು ನನ್ನ ಕೆನ್ನೆ ಹಿಂಡಿ ಹೋದ. ಥೂ, ಕೈಯೆಲ್ಲ ಡೀಸೆಲ್ ವಾಸನೆ.

ಮೊದಲು ನಾಟಕ. ನಾನು ನಡೆಯೋಕೆ ಕಲಿತಿದ್ದೇ ಸ್ಟೇಜ್ ಮೇಲೆ ಅಂತಿಟ್ಕೋ. ಕಳೆದುಹೋದ ಮಗು, ಕದ್ದ ಮಗು, ಸಾಯೋ ಮಗು… ಎಲ್ಲಾ ಮಗೂನೂ ನಾನೇ. ಅಪ್ಪನ ಪಾರ್ಟು ಮಾಡೋನು ಕುಡಿದು ಬರ್ತಿದ್ದ. ನನ್ನ ಹೆಣ ಎತ್ತಿಕೊಂಡು ಗೋಳಾಡ್ತಾ ಗೋಳಾಡ್ತಾ ದೊಪ್ಪಂತ ಬೀಳಿಸಿಬಿಟ್ಟ ಒಂದಿನ. ಹೆಣ ಅಲ್ವಾ ನಾನು, ಅಯ್ಯೋ ಅನ್ನೋ ಹಾಗೂ ಇಲ್ಲ. ದೊಡ್ಡ ಕಲಾವಿದನಂತೆ. ಅವನಿಗೆ ಪ್ರಶಸ್ತಿ ಕೊಟ್ರು, ನನಗೆ ಬಿಸ್ಕತ್ ಪ್ಯಾಕೆಟ್.

ಆಮೇಲೆ ಟೀವಿ. ಅವರಿಗೆ ನಾಟಕದವರನ್ನ ಕಂಡ್ರೆ ಆಗಲ್ಲ, ಕಿರುಚ್ತಾರೆ ಅಂತ. ಆದ್ರೂ ನನ್ನನ್ನ ಕರೆದ್ರು. ಯಾಕೆ ಹೇಳು? ಗ್ಲಿಸರಿನ್ ಬೇಡದ ಹುಡುಗಿ ಅಂತ. ಕಣ್ಣಿಗೆ ಆ ಹಾಳು ನೀರು ಹಾಕದೇನೇ ಅಳ್ತಿದ್ದೆ. ಹೆಂಗಸರು ಒಲೆ ಆರಿಸಿ ಬಂದು ಕೂತು ನನ್ನ ಜೊತೆ ಅಳೋರು. ಈಗಿನವರು… ಬಿಡು. ನಿನ್ನ ಅಕ್ಕನ ಪಾರ್ಟು ಮಾಡ್ತಾಳಲ್ಲ, ಬಾಟಲಿ ಪೂರ್ತಿ ಸುರಿದ್ರೂ ಅವಳು ಅಳ್ತಾಳೋ ಆಕಳಿಸ್ತಾಳೋ ಗೊತ್ತಾಗಲ್ಲ.

ಮತ್ತೆ ನಾನು ಉದ್ದ ಆದೆ. ಅಷ್ಟೇ ನಾನು ಮಾಡಿದ್ದು. ಸ್ವಲ್ಪ ದಿನ ಮೊಣಕಾಲು ಮಡಚಿಸಿ ಡೈಲಾಗ್ ಹೇಳಿಸಿದ್ರು. ಆಮೇಲೆ ಕಥೇಲಿ ನನ್ನನ್ನ ಹಾಸ್ಟೆಲ್‌ಗೆ ಕಳಿಸಿದ್ರು. ಇವತ್ತಿಗೂ ರಜಾ ಸಿಕ್ಕಿಲ್ಲ ನೋಡು ನನಗೆ. ಈಗ ನಿಮ್ಮಂಥವರ ಜಡೆ ಹೆಣೀತೀನಿ. ಇವತ್ತಿನ ಸೀನಲ್ಲಿ ನೀನು ಅಳಬೇಕು, ಗೊತ್ತಲ್ಲ? ಅಳದಿದ್ರೆ ನಾಳೆಯಿಂದ ನಾನು ಬರೋದು ಬೇಡ ಅಂದಿದ್ದಾನೆ, ಆ ಡೈರೆಕ್ಟರು, ಮೊನ್ನೆ ಮೊನ್ನೆ ಮೀಸೆ ಬಂದೋನು. ನಿನ್ನ ಅಳುವಿಗೂ ನನ್ನ ಕೆಲಸಕ್ಕೂ ಏನು ಸಂಬಂಧ ಅಂತ ಕೇಳಬೇಡ.

ಅಂದಹಾಗೆ… ನಿಮ್ಮಮ್ಮ ಹೋದ್ಲು. ಹೂಂ, ಬ್ಯಾಗ್ ತಗೊಂಡು. ಈ ಹುಡುಗಿ ನನಗೆ ಬೇಡ ಅಂದ್ಲು. ಇನ್ನು ಬರಲ್ವಂತೆ. ಕೇಳಿಸ್ತಾ?

ಏನೂ ಕೇಳಲ್ವಾ? ಎಲ್ಲಾ ಮಕ್ಕಳೂ ಕೇಳ್ತಾರೆ, ಎಲ್ಲಿಗೆ ಹೋದ್ಲು, ಯಾವಾಗ ಬರ್ತಾಳೆ ಅಂತ. ನಾನೂ ಕೇಳಿದ್ದೆ. ನನಗೂ ಸೀನಿಗೆ ಮುಂಚೆ ಆಗಿನ ಡೈರೆಕ್ಟರು ಹೀಗೇ… ಅಲ್ಲ, ಅದು ಬೇರೆ. ಅದು ಸುಳ್ಳು ಹೇಳಿದ್ದು. ನಮ್ಮಮ್ಮಂಗೆ ಗೊತ್ತೇ ಇರಲಿಲ್ಲ, ಪಾಪ. ಮನೇಲಿದ್ಲು. ಗೊತ್ತಾದ ಮೇಲೆ ಅವನ ಹತ್ರ ಜಗಳಕ್ಕೆ ಹೋದ್ಲು. ದೊಡ್ಡ ಜಗಳ.

ಎಲ್ಲಿ ನೋಡ್ತಿದ್ದೀಯ? ನನ್ನ ಮುಖ ನೋಡು. ಅಲ್ಲೇನಿದೆ… ಪರದೆ ಅದು, ಗಾಳಿಗೆ ಅಲ್ಲಾಡುತ್ತೆ. ಕೆಳಗೆ ಬಗ್ಗಿ ನೋಡಬೇಡ. ಬೇಡ ಅಂದ್ನಲ್ಲ…

ಹೂಂ. ನಿಮ್ಮಮ್ಮನ ಕಾಲೇ.

ಏನಾದ್ರೂ ಅನ್ನು. ಸುಳ್ಳಿ ಅನ್ನು ನನ್ನನ್ನ. ಹಾಗೆ ನೋಡಬೇಡ.

ನನಗೂ ಕಾಣ್ತಿತ್ತು ಮರಿ. ಇಂಥದ್ದೇ ಪರದೆ, ಕೆಳಗೆ ನೀಲಿ ಪಟ್ಟಿಯ ಚಪ್ಪಲಿ. ಜಗಳಾನೂ ಇಲ್ಲ, ಏನೂ ಇಲ್ಲ. ಅವನಿಗೆ ಹೇಳಿಕೊಟ್ಟಿದ್ದೇ ನಮ್ಮಮ್ಮ. ಹೀಗೆ ಹೇಳಿ ಸಾರ್, ತಕ್ಷಣ ಅಳ್ತಾಳೆ ಅಂತ. ಅಮ್ಮ ಹೋದ್ಲು ಅಂತ ನಾನು ಅಳಲಿಲ್ಲ ಕಣೆ. ಅಷ್ಟು ಹತ್ರ ನಿಂತೂ ಬರಲಿಲ್ವಲ್ಲ, ಅದಕ್ಕೆ. ಪ್ರತಿ ಸಲವೂ ಅದಕ್ಕೇ.

ಬೇಕಾದ್ರೆ ಕರಿ. ಬರ್ತಾಳಾ ನೋಡೋಣ.

ಕರೆಯಲ್ವಾ? ನಾನೂ ಕರೀಲಿಲ್ಲ.

…ಹಾಂ. ಬಂತು. ಒರೆಸ್ಕೋಬೇಡ, ಹಾಗೇ ಇರಲಿ. ಬಾ, ಲೈಟ್ ಹಾಕಿದ್ದಾರೆ.