ಕೆಂಪು ರೇಸ್ ಗಾಡಿಗೆ ಗುದ್ಲೆಪ್ಪ ಆಡಿದ ಮಾತು

ಕಂದೀಲ ಸಣ್ಣ ಮಾಡ್ರಿ. ನನ್ನ ಕಂಡ್ರ ದೆವ್ವಾನ ಅಂಜಿ ಓಡತಾವು, ಅದು ಊರಿಗೇ ಗೊತ್ತು. ಆದ್ರ ಇದು ನನ್ನ ಸೋದರಮಾವನ ಮಗ ಗುದ್ಲೆಪ್ಪಗ ಆದದ್ದು. ಅವಗ ನನ್ನಷ್ಟು ಗಂಡೆದಿ ಎಲ್ಲೀದು?

ಐವತ್ತೆಂಟನೇ ಇಸ್ವಿ ಇರಬೇಕು. ಶಿಗ್ಗಾಂವದ ಕಾಳಿನ ವ್ಯಾಪಾರಿ ಕುಬೇರಪ್ಪನವರಿಗೆ ಮೋಟಾರ ಹುಚ್ಚು. ಮುಂಬಯಿ ರೇಸಿನ್ಯಾಗ ಓಡಿದ ಹಳೇ ಗಾಡಿ ಸವಣೂರಾಗ ಮಾರಾಟಕ್ಕೈತಿ ಅಂತ ಸುದ್ದಿ ಬಂತು. "ಖರೇ ರೇಸ್ ಗಾಡೀನೋ, ಬರೇ ಬಣ್ಣಾನೋ, ನೋಡ್ಕೊಂಡ ಬಾ" ಅಂತ ಗುದ್ಲೆಪ್ಪನ್ನ ಕಳಿಸಿದ್ರು. ಅವರ ಲಾರಿ ಹೊಡಿಯಾವನೂ ಅವನ, ಹೋರಿ ನೋಡಿ ತರಾವನೂ ಅವನ.

ಎಲಿತೋಟ ದಾಟೂದ್ರಾಗ ಹೊತ್ತು ಮುಳಗಿತು. ಹಾದ್ಯಾಗೊಂದು ಪಾಳುಬಾವಿ. ಒಳಗ ಟಪ್... ಟಪ್... ಹನಿ ಬೀಳಾಕತ್ತಿತ್ತು. ಬಾವಿ ಬತ್ತಿ ಎಷ್ಟೋ ವರ್ಷಾಗಿತ್ತು.

ಬಾವಿ ಬಾಜೂಕ ಗಾಡಿ ಇಟ್ಟ ತಗಡಿನ ಶೆಡ್ಡು. ಕಾವಲುಗಾರ ಮಜೀದ ಕಂದೀಲ ಹಿಡದು ನಿಂತಿದ್ದ.

"ಮುಂಜಾನೆ ನೋಡ್ರೆಲಾ..." ಅಂದ, ಪಿಸುಮಾತಿನ್ಯಾಗ.

"ಯಾಕೋ ಮಜೀದ, ಮುಂಜಾನೆ ಇನ್ನೊಂದು ಗಾಲಿ ಮೂಡತೈತೇನು?"

ಮಜೀದ ನಗಲಿಲ್ಲ. "ನೋಡ್ರಿ. ಮಾತಾಡಸಬ್ಯಾಡ್ರಿ."

ಕೆಂಪು ಗಾಡಿ. ಎರಡ ಸೀಟು, ಉದ್ದನ್ನ ಮೂತಿ. ಗುದ್ಲೆಪ್ಪ ಹೋರಿಗೆ ಸುಳಿ ನೋಡಿದಂಗ ಸುತ್ತ ಬಂದ. ಉಗುರಲೆ ಬಣ್ಣಾ ಕೆರದ. ಬಾಗಲಾ ಮ್ಯಾಲ ರೇಸಿನ ನಂಬರ ಅಳಿಸಿದ ಗುರುತು. ಖರೇ ಮಾಲು! ಹೋರಿ ಮನಸಿಗೆ ಬಂದ್ರ ನಮ್ಮ ಮಂದಿ ಏನ ಮಾಡ್ತಾರ? ಅವನೂ ಅದನ್ನ ಮಾಡಿದ. ಬೆನ್ನು ಚಪ್ಪರಿಸಿ, "ನಡಿಯಪಾ, ನಮ್ಮ ಮನಿಗೆ ಹೋಗೂಣು" ಅಂದ.

ಮಜೀದ ಕಂದೀಲ ಅಲ್ಲೇ ಇಟ್ಟು ಓಡಿದ.

ಗುದ್ಲೆಪ್ಪ ನಕ್ಕೋಂತ ಒಳಗ ಕುಂತ, ಇಂಜಿನ್ ಸದ್ದು ಕೇಳಾಕ ಬಾಗಲಾ ಎಳಕೊಂಡ. ಖಟ್. ಗುಂಡಿ ಒತ್ತಿದ. ಡುರ್‌ರ್‌ರ್... ಒಂದ ಬಡತಾ ತಪ್ಪಲಿಲ್ಲ. ಬಂದ್ ಮಾಡಿದ.

ಬಂದ್ ಆಗಲಿಲ್ಲ.

ಬಾಗಲಾ ಹಿಡಿಕಿ ತಿರುವಿದ. ಗರಗರ... ಸುಮ್ನ ತಿರಗತು. ಗಾಜು ಇಳಸಾಕ ನೋಡಿದ, ಇಳೀಲಿಲ್ಲ. ಗುದ್ದಿದ, ಒಡೀಲಿಲ್ಲ. ಬಾಜೂ ಸೀಟಿನ ಸ್ಪ್ರಿಂಗು ಕಿರ್‌ರ್... ಅಂತ ಕುಗ್ಗಿತು. ಯಾರೋ ಕುಂತಂಗ. ಉಸುರು ಕಟ್ಟಾಕತ್ತಿತು.

"ಬಿಡಪಾ... ನೀ ಬ್ಯಾಡ ನಮಗ" ಅಂದ. ಇಂಜಿನ್ ಗುಟುರ ಹಾಕಿತು. ಎದಿ ಮ್ಯಾಲ ಭಾರ ಬಿತ್ತು.

"ಆತು... ಆತು... ಬಾ. ನಮ್ಮ ಮನಿಗೇ ಬಾ."

ಸದ್ದು ನಿಂತು, ಬಾಗಲಾ ತಾನ ತೆರೀತು.

ಹೊರಗ ಬಿದ್ದಾವ ಕಂದೀಲ ಹಿಡದು ಬಾನೆಟ್ ಎತ್ತಿದ. ಒಳಗ ಇಂಜಿನ್ನೇ ಇರಲಿಲ್ಲ. ಒಣಹುಲ್ಲು, ಕೋಳಿ ಪುಚ್ಚ, ಅಷ್ಟ.

ಕುಬೇರಪ್ಪನವರು ಗಾಡಿ ತಗೋಲಿಲ್ಲ. ಅದು ಶೆಡ್ಡಿನ್ಯಾಗ ತುಕ್ಕ ಹಿಡದು ಹೋತು. ಆದ್ರ ಗುದ್ಲೆಪ್ಪನ ಕೊಟ್ಟಿಗ್ಯಾಗ ಕಡೀ ಗೂಟದ ಹತ್ರ ಎತ್ತು ನಿಲ್ಲೂದಿಲ್ಲ. ಅಲ್ಲಿ ದಿನಾ ಮುಂಜಾನೆ ಕರೀ ಎಣ್ಣಿ ಬಿದ್ದಿರತೈತಿ.

ಸುಳ್ಳಂತೀರಿ? ನಾನ ಬೆರಳ ಹಚ್ಚಿ ನೋಡೇನ್ರಪಾ. ಇನ್ನೂ ಬಿಸಿ ಇತ್ತು.