ದಕ್ಷಿಣ ಬಾಗಿಲಿನ ಸಾಲು

ಏಳಬ್ಯಾಡ, ಏಳಬ್ಯಾಡ ರುಕ್ಮವ್ವ, ನೀ ಕೂಡು. ಬೀಡಿ ಸುತ್ತೂದ ನಿಲ್ಲಸಬ್ಯಾಡ. ನಾ ಇಲ್ಲೇ ಕಟ್ಟಿ ಮ್ಯಾಲ ಕೂಡತೀನಿ... ಹಂಗ್ಯಾಕ ನೋಡತಿ? ನಿಮ್ಮ ಮನಿ ಒಳಗ ಬರಾಕ ಈ ಅಕ್ಕುತಾಯಿದೇನ ತಕರಾರ ಇಲ್ಲ ಬೇ. ಮೊಣಕಾಲ ನೋವು, ಅಷ್ಟ.

ನಿಮ್ಮ ಈ ಹಿಂದಿನ ಸಾಲು ನೋಡಿಕೋಂತ ಬಂದೆ. ಥೂ. ಮುಂದಿನ ಮನಿಗೋಳ ಗಟಾರ ಎಲ್ಲಾ ಇಲ್ಲೇ ಬಂದ ನಿಂತೈತಿ. ಮೂಗ ಮುಚಗೊಂಡ ಬಂದೀನಿ. ಇದಕ್ಕ ಬೀಡಿ ಕಾಮಗಾರರ ಕಾಲೋನಿ ಅಂತ ಬೋರ್ಡ ಬ್ಯಾರೆ. ತೊಂಬತ್ತೊಂದರಾಗ ಮನಿ ಕೊಡೂ ಮುಂದ ಸರಕಾರ ಏನ ಹೇಳಿತ್ತು? ಜಾತಿಗೊಂದ ಓಣಿ ಬ್ಯಾಡ, ಎಲ್ಲಾರೂ ಕೂಡಿ ಇರ್ರಿ, ಚೀಟಿ ಎತ್ತಿ ಮನಿ ಹಂಚರಿ ಅಂತ. ನಾನೂ ಎತ್ತಿದೆ, ನೀನೂ ಎತ್ತಿದಿ. ಮುಂದಿನ ಸಾಲಿನಾಗ ನಂದ ಹದಿಮೂರು, ನಿಂದ ಹದಿನಾಕು. ನಡುವ ಒಂದ ಗ್ವಾಡಿ. ಹನ್ನೆರಡ ವರ್ಷ ನಿಪ್ಪಾಣಿ ಕಾರಖಾನ್ಯಾಗ ಮಗ್ಗಲಕ್ಕ ಮಗ್ಗಲ ಕುಂತ ಬೀಡಿ ಸುತ್ತಿದವರು, ಮನಿನೂ ಮಗ್ಗಲಕ್ಕ ಬಂತಲ್ಲ ಅಂತ ನೀ ಎಷ್ಟ ನಕ್ಕಿದ್ದಿ ಅವತ್ತ.

ಆರ ತಿಂಗಳಾಗಲಿಲ್ಲ, ಸುರು ಆತ ಮನಿ ಬದಲಿ. ಹಿಂದಿನ ಸಾಲಿನ ಬಾಗಿಲಾ ದಕ್ಷಿಣಕ್ಕ ಅದಾವು, ನಮಗ ಆಗಿ ಬರೂದಿಲ್ಲ ಅಂದ್ರು. ಒಬ್ಬಗ ಹೊಟ್ಟಿಬ್ಯಾನಿ ಬಂದದ್ದೂ ಬಾಗಿಲಿಂದ, ಒಬ್ಬನ ಎಮ್ಮಿ ಸತ್ತದ್ದೂ ಬಾಗಿಲಿಂದ. ನಮ್ಮ ಜೈನರನ್ನೂ ಬಿಟ್ಟ ಮಾತಾಡೂದಿಲ್ಲ ನಾ. ಅವರೆಲ್ಲಾ ಒಬ್ಬೊಬ್ಬರ ಮುಂದಿನ ಸಾಲಿಗೆ ಹೋದ್ರು, ನಿಮ್ಮ ಕೇರಿ ಮಂದಿ ಒಬ್ಬೊಬ್ಬರ ಹಿಂದ ಬಂದ್ರಿ. ಅವರಿಗೆ ಆಗಿ ಬರಲಾರದ ಬಾಗಿಲಾ ನಿಮಗ ಹೆಂಗ ಆಗಿ ಬರತೈತಿ ಅಂತ ಯಾವನರ ಕೇಳಿದನ? ಕಾಗದದಾಗ ಎಲ್ಲಾ ಸೊಗಸ, ಇಬ್ಬರೂ ರಾಜಿಖುಷಿಲೆ ಬದಲಿ ಮಾಡಿಕೊಂಡಾರಂತ. ಹಾವೂ ಸಾಯಬೇಕು, ಕೋಲೂ ಮುರಿಬಾರದು. ಹೊಲಸ ಮಂದಿ.

ಯಾಕ ನಗತಿ? ಖರೆ ಹೇಳಾಕತ್ತೀನಿ. ನಿನ್ನ ಹದಿನಾಕರಾಗ ಬಂದ ಕುಂತಾನಲ್ಲ ಭಾವುಸಾಹೇಬ, ಅವನ ಮಾರಿ ನೋಡಿದ್ರ ಉಂಡದ್ದ ಮ್ಯಾಲ ಬರತೈತಿ ನನಗ. ಬಂದ ದಿನಾನ ನೀ ಹಚ್ಚಿದ ಕರಿಬೇವಿನ ಸಸಿ ಕಿತ್ತ ಒಗದ. ಅಂಗಳಕ್ಕೆಲ್ಲಾ ಗೋಮೂತ್ರ ಹೊಡಿಸಿದ. ನೀ ಸಾರಿಸಿದ ಅಂಗಳಾ ಅದು. ನಾ ಕಣ್ಣೀಲೆ ನೋಡೀನಿ.

...ಏನ ಅನ್ನಲಿ ಅವಗ? ನಾ ಹೆಣ್ಮಗಳು.

ಅದಿರಲಿ. ಹತ್ತ ಗಂಟೆಕ್ಕ ಬೆಳಗಾವಿಯಿಂದ ಚೌಕಶಿ ಮಾಡಾಕ ಸರಕಾರಿ ಸಾಹೇಬ ಬರತಾನ. ಈ ಬದಲಿ ಎಲ್ಲಾ ಖೋಟಾ ಅಂತ ಯಾರೋ ಅರ್ಜಿ ಹಾಕ್ಯಾರ. ರಾಜಿಲೆ ಮನಿ ಬಿಟ್ಟ್ಯಾ ಅಂತ ನಿನ್ನ ಕೇಳತಾನ. ಇಲ್ಲ ಅನ್ನು. ಭಾವುಸಾಹೇಬ ಮೋಸಾ ಮಾಡಿದ ಅನ್ನು. ನಿನ್ನ ಮನಿ ನಿನಗ ಬರತೈತಿ. ಒಂದ ಮಾತ ಬೇ... ಹೆಬ್ಬಟ್ಟ ಒತ್ತಿದ ಬದಲಿ ಕಾಗದಾ ಯಾರ ತಂದ್ರು ಅಂದ್ರ ನನ್ನ ಹೆಸರ ಯಾಕ? ಯಾರೋ ತಂದಿದ್ರು ಅನ್ನು.

ಹೌದು, ನಾನ ತಂದಿದ್ದೆ. ಇಲ್ಲ ಅಂದೆನೇನ? ಭಾವುಸಾಹೇಬ ನಮ್ಮನಿಗೆ ಬಂದಾ. ಇದ ಲೈಟ್ ಮೀಟರಿನ ಅರ್ಜಿ, ನೀ ಹೇಳಿದ್ರ ರುಕ್ಮವ್ವ ಇಲ್ಲ ಅನ್ನೂದಿಲ್ಲ, ಹೆಬ್ಬಟ್ಟ ಒತ್ತಿಸಿಕೊಂಡ ಬಾ ಅಂದಾ. ನಾ ತಂದೆ, ನೀ ಒತ್ತಿದಿ. ಒಳಗ ಏನ ಬರದಾನ ಅಂತ ನನಗೇನ ಗೊತ್ತು?

ಹಂಗ ನೋಡಬ್ಯಾಡ. ನಾಕನೇತ್ತೆ ಮಟ ಸಾಲಿ ಕಲತೀನಿ, ಖರೆ. ಮಿರಜಿಂದ ನಿನ್ನ ತಮ್ಮ ಬರಿತಿದ್ದ ಪತ್ರಾ ನಾನ ಓದಿ ಹೇಳತಿದ್ದೆ, ಅದೂ ಖರೆ. ಆದ್ರ ಸರಕಾರಿ ಕಾಗದ ಅದು... ಸಣ್ಣ ಅಕ್ಷರ...

ಏನರ ಅನ್ನ. ಬೈಯಾರ ಬೈಯಿ. ಕೈ ಯಾಕ ನಿಲ್ಲಿಸಿದಿ?

ಓದಿದ್ದೆ. ಆತಿಲ್ಲ? ನಿಮ್ಮ ಬಾಗಿಲಿಗೆ ಬರೂ ಮದಲ ಎರಡ ಸಲ ಓದಿದ್ದೆ.

ನಮ್ಮ ಚಂದ್ರಮತಿನ ನೋಡಾಕ ರಾಯಬಾಗದವರು ಬಂದಿದ್ರಲ್ಲ. ಹುಡುಗಿ ಒಪ್ಪಿದ್ರು, ಚಾ ಕುಡದ್ರು. ಹೊರಗ ಬಂದು ನಿನ್ನ ಅಂಗಳಾ ನೋಡಿ, ಮಗ್ಗಲ ಮನಿ ಯಾರದು ಅಂದ್ರು. ಬಾಡಿಗಿಗೆ ಅದಾರ, ಮುಂದಿನ ತಿಂಗಳ ಹೋಗತಾರ ಅಂತ ಬಾಯಿಗೆ ಬಂದದ್ದ ಅಂದಬಿಟ್ಟೆ. ಅಂದ ಮ್ಯಾಲ ನೀ ಹೋಗಬೇಕಾತು. ಹೋಗಲಿಲ್ಲ ಅಂದ್ರ ನನ್ನ ಮಗಳ ಲಗ್ನ ನಿಲ್ಲತಿತ್ತು.

ಲಗ್ನದಾಗ ನೀ ಆಯೇರಿ ಮಾಡಿದ ಕುಬಸದ ಖಣ ಟ್ರಂಕಿನ ತಳದಾಗ ಐತಿ. ಹೊಲಿಯಾಕ ಕೊಡಲಿಲ್ಲ. ಯಾರ ಕೊಟ್ಟಾರ ಅಂತ ಬೀಗರು ಕೇಳಿದ್ರ ಏನ ಹೇಳಲಿ ಅಂತ. ನನ್ನ ಕಂಡ್ರ ನನಗ ಹೇಸಿಗಿ ಆಗತೈತಿ ರುಕ್ಮವ್ವ.

ಜೀಪ ಬಂತು ಅನಸತೈತಿ... ಹೌದು, ಬಂದ್ರು. ಏನ ಹೇಳತಿ ಅವರ ಮುಂದ? ಭಾವುಸಾಹೇಬ ಮೋಸಾ ಮಾಡಿದ ಅನ್ನತಿ, ಹೌದಿಲ್ಲ?

ರುಕ್ಮವ್ವ...

ಭಾವುಸಾಹೇಬ ನಮ್ಮನಿಗೆ ಬಂದಿರಲಿಲ್ಲ ಬೇ. ನಾನ ಅವರ ಮನಿಗೆ ಹೋಗಿದ್ದೆ.